ಊರಿನ ಕಾರ್ಯಕ್ರಮ ವಹಿಸಿಕೊಂಡು ಮಾಡುವ ಸಣ್ಣ ಬಿಸಿನೆಸ್: ಕಾಸರಗೋಡಿನಲ್ಲಿ ಶುರು ಮಾಡುದು ಹೇಗೆ

ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಪೆರ್ಲ, ಉಪ್ಪಳ ಎಲ್ಲಾ ಕಡೆಯಿಂದ ಒಂದೇ ಪ್ರಶ್ನೆ ಬರ್ತಾ ಉಂಟು: "ಊರಿನ ಕಾರ್ಯಕ್ರಮಗಳನ್ನು ವಹಿಸಿಕೊಂಡು ಮಾಡಿಸಿ ಕೊಡುವ ಕೆಲಸ ಶುರು ಮಾಡ್ಬೇಕೂಂತ ಉಂಟು, ಎಂತೆಲ್ಲ ಬೇಕು, ದುಡ್ಡು ಎಷ್ಟು ಬೇಕು, ಲೈಸೆನ್ಸ್ ಬೇಕಾ?" ಒಬ್ಬೊಬ್ಬರಿಗೆ ಬೇರೆ ಬೇರೆ ಬರೆಯುದಕ್ಕಿಂತ ಎಲ್ಲ ಒಂದೇ ಕಡೆ ಬರೆದಿಡ್ತೇನೆ.

ಮೊದಲು ಒಂದು ವಿಷಯ ಸರಿಯಾಗಿ ತಿಳ್ಕೊಳ್ಳಿ. ನಮ್ಮಲ್ಲಿ ಕಾರ್ಯಕ್ರಮ ಮಾಡ್ಲಿಕ್ಕೆ ಜನಕ್ಕೆ ಬರ ಇಲ್ಲ, ಒಂದು ಕ್ಲಬ್ಬಿನ ವಾರ್ಷಿಕೋತ್ಸವ ಅಂದ್ರೆ ಚಪ್ಪರ ಹಾಕ್ಲಿಕ್ಕೆ, ಬಡಿಸ್ಲಿಕ್ಕೆ ಊರಿನ ಹುಡುಗ್ರು ಓಡಿ ಬರ್ತಾರೆ. ಇಲ್ಲದ್ದು ಎಂತ ಅಂದ್ರೆ ಹೊಣೆ ಹೊರುವವರು. ಮೈಕ್‌ನವನಿಗೆ ಫೋನ್ ಯಾರು ಮಾಡಿದ್ದು, ಪೊಲೀಸ್ ಪರ್ಮಿಷನ್ ಯಾರು ತಂದದ್ದು, ಅತಿಥಿಯನ್ನು ಸ್ಟೇಷನ್ನಿಂದ ಯಾರು ಕರ್ಕೊಂಡು ಬರುದು ಅಂತ ಕೇಳಿದ್ರೆ ಒಬ್ಬರ ಮುಖ ಒಬ್ಬರು ನೋಡ್ತಾರೆ. ಜನ ನಿಮಗೆ ದುಡ್ಡು ಕೊಡುದು ಈ ಹೊಣೆಗೆ. ಹೂವಿನ ಅಲಂಕಾರ, ಎಲ್‌ಇಡಿ ಗೋಡೆ ಎಲ್ಲ ಆಮೇಲಿನ ಮಾತು. ಆದ್ದರಿಂದ ಶುರುವಿಗೇ ಸಾಲ ಮಾಡಿ ಸಾಮಾನು ತೆಗೆದು ಗೋಡೌನ್ ತುಂಬಿಸುದು ಬೇಡ, ಅದು ಇಲ್ಲಿ ಅತಿ ಹೆಚ್ಚು ಜನ ಬೀಳುವ ಹೊಂಡ.

1. ಯಾವ ಕಾರ್ಯಕ್ರಮ ಅಂತ ಮೊದಲು ನಿಶ್ಚಯ ಮಾಡಿ

ಮದುವೆಗೆ ಕೈ ಹಾಕ್ಬೇಡಿ, ಕನಿಷ್ಠ ಮೊದಲನೇ ವರ್ಷ. ಅದರಲ್ಲಿ ದೊಡ್ಡ ಟೀಮುಗಳು ಮಂಗಳೂರಿನಿಂದಲೂ ಕಾಞಂಗಾಡಿನಿಂದಲೂ ಬರ್ತಾರೆ, ಮತ್ತೆ ಒಂದು ಮದುವೆಯಲ್ಲಿ ಸಾಂಬಾರು ಮುಗಿದ್ರೆ ಆ ಮಾತು ಹತ್ತು ವರ್ಷ ಊರಲ್ಲಿ ಇರ್ತದೆ. ಬದಲಿಗೆ ನೂರರಿಂದ ಇನ್ನೂರು ಜನ ಸೇರುವ, ಮೂರ್ನಾಲ್ಕು ಗಂಟೆಯಲ್ಲಿ ಮುಗಿಯುವ ಕಾರ್ಯಕ್ರಮ ಹಿಡೀರಿ: ಹಳೆ ವಿದ್ಯಾರ್ಥಿಗಳ ಸಂಗಮ, ಪುಸ್ತಕ ಬಿಡುಗಡೆ, ತಾಳಮದ್ದಳೆ, ಸಂಘದ ವಾರ್ಷಿಕ ಸಭೆ, ನಿವೃತ್ತಿಯ ಸನ್ಮಾನ, ಮಕ್ಕಳ ಬೇಸಿಗೆ ಶಿಬಿರ, ಆಟಿ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ವರೆಗಿನ ತುಳು ತಿಂಗಳು) ಪತ್ರೊಡೆ ಚಟ್ನಿ ಎಲ್ಲ ಇಟ್ಟು ಮಾಡುವ ಆಟಿ ಕೂಟ. ಇಂಥದ್ದು ಮಾಡಿಸುವವರು ಹೆಚ್ಚಿನವರು ಟೀಚರುಗಳು, ಬ್ಯಾಂಕಿನವರು, ಊರು ಬಿಟ್ಟು ಬೆಂಗಳೂರು ಗಲ್ಫ್ ಸೇರಿದವರು. ಮನಸ್ಸುಂಟು, ದುಡ್ಡೂ ಸ್ವಲ್ಪ ಉಂಟು, ಆದ್ರೆ ಓಡಾಡ್ಲಿಕ್ಕೆ ಸಮಯ ಇಲ್ಲ. ಅವರೇ ನಿಮ್ಮ ಗಿರಾಕಿ.

2. ಕ್ಯಾಲೆಂಡರ್ ಹಿಡ್ಕೊಂಡು ಕೂತ್ಕೊಳ್ಳಿ

ನಮ್ಮ ಜಿಲ್ಲೆಯಲ್ಲಿ ವರ್ಷ ಪೂರ್ತಿ ಒಂದೇ ರೀತಿ ಕೆಲಸ ಇರುದಿಲ್ಲ. ದೀಪಾವಳಿ ಕಳೆದು ಯಕ್ಷಗಾನ ಮೇಳಗಳು ಹೊರಟ ಮೇಲೆ ಮೇ ತಿಂಗಳ ಕೊನೆಯ ವಾರದ ಪತ್ತನಾಜೆ (ಈ ಸೀಸನ್ ಮುಗಿಯುವ ದಿನ) ವರೆಗೆ ಜಾತ್ರೆ, ದೈವದ ಕೋಲ, ತೆಯ್ಯಂ ಕಳಿಯಾಟ, ಬ್ರಹ್ಮಕಲಶ, ಶಾಲಾ ವಾರ್ಷಿಕೋತ್ಸವ ಎಲ್ಲ ಒಟ್ಟೊಟ್ಟಿಗೆ ಬರ್ತದೆ. ಆಗ ಮೈಕ್ ಸೆಟ್ ಸಿಗುದಿಲ್ಲ, ಅಡಿಗೆ ಭಟ್ರು ಸಿಗುದಿಲ್ಲ, ಸಿಕ್ಕಿದ್ರೂ ರೇಟ್ ಜಾಸ್ತಿ. ಜೂನ್‌ನಿಂದ ಮಳೆ, ಹೊರಗೆ ಎಂತದೂ ಮಾಡ್ಲಿಕ್ಕೆ ಆಗುದಿಲ್ಲ, ಸಭಾಂಗಣದ, ಅಂದ್ರೆ ಹಾಲ್‌ನ ಒಳಗಿನ ಕಾರ್ಯಕ್ರಮ ಮಾತ್ರ. ಆಟಿಯಲ್ಲಿ ಮದುವೆ ಮುಂಜಿ ಇಲ್ಲದ ಕಾರಣ ಹಾಲುಗಳು ಖಾಲಿ ಇರ್ತವೆ, ಬಾಡಿಗೆಯಲ್ಲಿ ಚೌಕಾಸಿಗೆ ಒಳ್ಳೆ ಸಮಯ ಅದು, ಹೊಸಬರು ಶುರು ಮಾಡ್ಲಿಕ್ಕೆ ಕೂಡ ಅದೇ ಒಳ್ಳೇದು ಅಂತ ನನ್ನ ಅಭಿಪ್ರಾಯ.

ದಿನ ನಿಶ್ಚಯ ಮಾಡುವ ಮೊದಲು ನೋಡ್ಬೇಕಾದ್ದು: ಹತ್ತಿರದ ದೇವಸ್ಥಾನದ ಉತ್ಸವ ಉಂಟಾ, ರಂಜಾನ್ ಉಪವಾಸದ ತಿಂಗಳಾ, ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಾ, ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯಾ, ಚುನಾವಣೆ ಘೋಷಣೆ ಆಗಿದೆಯಾ. ಎಲ್ಲ ಜಾತಿ ಮತದವರು ಬರುವ ಕಾರ್ಯಕ್ರಮ ಅಂತ ಹೇಳಿ ರಂಜಾನಿನಲ್ಲಿ ಮಧ್ಯಾಹ್ನ ಊಟ ಇಟ್ರೆ ಅರ್ಧ ಜನರನ್ನು ನೀವೇ ಬೇಡ ಅಂದ ಹಾಗೆ ಆಗ್ತದೆ.

3. ಕಾಗದಪತ್ರ

ಹೆದರ್ಬೇಡಿ, ಇದು ಅಷ್ಟು ಕಷ್ಟ ಇಲ್ಲ.

ಉದ್ಯಮ್ ರಿಜಿಸ್ಟ್ರೇಶನ್ ಅಂದ್ರೆ ಸಣ್ಣ ಉದ್ದಿಮೆ ಅಂತ ಕೇಂದ್ರ ಸರಕಾರದಲ್ಲಿ ಹೆಸರು ದಾಖಲಿಸುದು. ಆಧಾರ್, ಪ್ಯಾನ್ ಇದ್ರೆ ಆನ್‌ಲೈನಿನಲ್ಲಿ ನೀವೇ ಮಾಡ್ಬಹುದು, ಸರಕಾರಕ್ಕೆ ಒಂದು ಪೈಸೆ ಫೀಸ್ ಇಲ್ಲ. ಸರಕಾರಿ ಪೋರ್ಟಲ್ ತರಹವೇ ಕಾಣುವ ಖಾಸಗಿ ಸೈಟುಗಳು ಸಾವಿರ ಎರಡು ಸಾವಿರ ಕೇಳ್ತವೆ, ಅಲ್ಲಿಗೆ ಹೋಗ್ಬೇಡಿ. ಸ್ವಂತ ಮಾಡ್ಲಿಕ್ಕೆ ಧೈರ್ಯ ಇಲ್ಲದಿದ್ರೆ ಸರಕಾರಿ ಆನ್‌ಲೈನ್ ಕೆಲಸ ಮಾಡಿ ಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಿ, ಅವರ ಸೇವೆಯ ಚಾರ್ಜ್ ಮಾತ್ರ ಕೊಡಿ.

ಆಫೀಸು ಅಂತ ಒಂದು ರೂಮ್ ಮಾಡಿದ್ರೆ ಪಂಚಾಯತಿನ ಲೈಸೆನ್ಸ್ ವಿಚಾರಿಸಿ. ಪಂಚಾಯತುಗಳಿಗೆ ಉದ್ಯಮ ಶುರು ಮಾಡುವವರಿಗೆ ಸಹಾಯ ಮಾಡ್ಲಿಕ್ಕೆಂದೇ ಕೈಗಾರಿಕಾ ಇಲಾಖೆ ಒಬ್ಬೊಬ್ಬರನ್ನು ನೇಮಿಸಿದೆ, ಅವರು ಯಾವ ವಾರ ಯಾವ ದಿನ ಕೂತ್ಕೊಳ್ತಾರೆ ಅಂತ ಕೇಳಿ ಹೋಗಿ. ಸಬ್ಸಿಡಿ, ಸಾಲದ ಯೋಜನೆ ಕೇಳ್ಲಿಕ್ಕಾದ್ರೆ ವಿದ್ಯಾನಗರದಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರ ಉಂಟು. ಸಾಲ ಬೇಕೇ ಬೇಕು ಅಂತಾದ್ರೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿ ವರೆಗೆ ಸಿಗ್ತದೆ, ಲ್ಯಾಪ್‌ಟಾಪ್, ಪ್ರಿಂಟರ್, ಒಂದೆರಡು ಕಾರ್ಡ್‌ಲೆಸ್ ಮೈಕಿಗೆ ಅದು ಸಾಕು.

ಭಾಷೆ ಬಗ್ಗೆ ತುಂಬಾ ಜನ ಕೇಳ್ತಾರೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಟ್ಟಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳೊಟ್ಟಿಗೆ ಕನ್ನಡದಲ್ಲಿ ವ್ಯವಹಾರ ಮಾಡುವ ಹಕ್ಕು ಕೊಟ್ಟಿದ್ದಾರೆ. ಅರ್ಜಿ ಕನ್ನಡದಲ್ಲಿ ಧೈರ್ಯದಿಂದ ಕೊಡಿ, ಸ್ವೀಕರಿಸಿದ ನಂಬರ್ ಬರೆಸ್ಕೊಂಡು ಒಂದು ಪ್ರತಿ ಇಟ್ಕೊಳ್ಳಿ. ಕಾರ್ಯಕ್ರಮ ನಾಳೆ ನಾಡಿದ್ದು ಅನ್ನುವ ಅರ್ಜೆಂಟ್ ಅರ್ಜಿಗೆ ಮಾತ್ರ ಒಂದು ಮಲಯಾಳ ಪ್ರತಿಯನ್ನೂ ಸೇರಿಸಿ ಕೊಡಿ, ಕುರ್ಚಿಯಲ್ಲಿ ಇರುವ ಅಧಿಕಾರಿಗೆ ಕನ್ನಡ ಬರದಿದ್ರೆ ಫೈಲು ಅಲ್ಲೇ ಕೂತ್ಕೊಳ್ತದೆ.

ಜಿಎಸ್‌ಟಿ: ಸೇವೆಯ ಬಿಸಿನೆಸ್ಸಿಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ರಿಜಿಸ್ಟ್ರೇಶನ್ ಬೇಕಾಗುದಿಲ್ಲ. ರಿಜಿಸ್ಟರ್ ಆಗದೆ ಬಿಲ್ಲಿನಲ್ಲಿ ಜಿಎಸ್‌ಟಿ ಹಾಕಿ ತಗೊಳ್ಳುದು ತಪ್ಪು. ಇದರ ಇನ್ನೊಂದು ಸೂಕ್ಷ್ಮ ಕೆಳಗೆ ರೇಟಿನ ಭಾಗದಲ್ಲಿ ಉಂಟು, ಓದದೆ ಬಿಡ್ಬೇಡಿ.

ಬ್ಯಾಂಕಿನಲ್ಲಿ ಬೇರೆ ಅಕೌಂಟ್ ಕಡ್ಡಾಯ ಅಂತ ತಿಳ್ಕೊಳ್ಳಿ. ಮನೆ ಖರ್ಚಿನ ಗೂಗಲ್ ಪೇಗೇ ಸಮಿತಿಯವರ ಅಡ್ವಾನ್ಸ್ ಬಂದು ಬಿದ್ರೆ ಒಂದು ತಿಂಗಳಲ್ಲಿ ಯಾವುದು ಯಾರದ್ದು ಅಂತ ನಿಮಗೇ ಗೊತ್ತಾಗುದಿಲ್ಲ.

4. ಸಾಮಾನು ಬಾಡಿಗೆಗೆ, ಜನ ಸ್ವಂತ

ಶಾಮಿಯಾನ, ಕುರ್ಚಿ, ಸ್ಟೇಜ್, ಮೈಕ್ ಸೆಟ್, ಜನರೇಟರ್ ಎಲ್ಲ ಬಾಡಿಗೆಗೆ ತಗೊಳ್ಳಿ. ಒಂದೊಂದಕ್ಕೂ ಎರಡು ನಂಬರ್ ಇರ್ಬೇಕು, ಒಬ್ಬ ಕೈ ಕೊಟ್ರೆ ಇನ್ನೊಬ್ಬ. ತಲಪಾಡಿ ಗಡಿಯ ಆಚೆಯಿಂದ, ಅಂದ್ರೆ ಕರ್ನಾಟಕದಿಂದ, ಸಾಮಾನು ತರಿಸುದಾದ್ರೆ ಆ ಗಾಡಿಗೆ ಕೇರಳಕ್ಕೆ ಬರ್ಲಿಕ್ಕೆ ಪರ್ಮಿಟ್ ಉಂಟಾ ಅಂತ ಮೊದಲೇ ಕೇಳಿ. ಅಗ್ಗ ಅಂತ ತರಿಸಿ ಗಾಡಿ ದಾರಿಯಲ್ಲಿ ನಿಂತ್ರೆ ಇಲ್ಲಿ ಸಭೆ ಕುರ್ಚಿ ಇಲ್ಲದೆ ನಿಲ್ಲಬೇಕು.

ನಿಮ್ಮದು ಅಂತ ಬೇಕಾದ್ದು ಮೂರ್ನಾಲ್ಕು ಜನ. ಒಬ್ಬರು ಸ್ಟೇಜಿನ ಹತ್ತಿರ, ಒಬ್ಬರು ಊಟದ ಹತ್ತಿರ, ಒಬ್ಬರು ಬಾಗಿಲು ಮತ್ತು ಪಾರ್ಕಿಂಗ್. ನಿರೂಪಣೆ ಮಾಡುವವರು ಕನ್ನಡದಲ್ಲಿ ಶುರು ಮಾಡಿ ಬೇಕಾದಲ್ಲಿ ತುಳುವಿಗೂ ಮಲಯಾಳಕ್ಕೂ ದಾಟ್ಲಿಕ್ಕೆ ಗೊತ್ತಿರುವವರಾದ್ರೆ ಚಿನ್ನ, ಯಾಕಂದ್ರೆ ನಮ್ಮ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಪಂಚಾಯತ್ ಸದಸ್ಯರು ಮಲಯಾಳದವರು, ಹಿಂದೆ ಕೂತ ಅಜ್ಜಂದಿರು ತುಳು, ಹವ್ಯಕ, ಮರಾಠಿ ಎಲ್ಲ ಇರ್ತಾರೆ.

ಊಟಕ್ಕೆ ಕುಟುಂಬಶ್ರೀ ಘಟಕಗಳನ್ನು ಖಂಡಿತ ವಿಚಾರಿಸಿ. 1998ರಲ್ಲಿ ಶುರುವಾದ ಈ ಮಹಿಳಾ ಸಂಘಟನೆಯ ಕೇಟರಿಂಗ್ ಘಟಕಗಳು ಸಣ್ಣ ಕಾರ್ಯಕ್ರಮಕ್ಕೆ ತುಂಬಾ ಸರಿ ಆಗ್ತವೆ, ದುಡ್ಡೂ ಊರಲ್ಲೇ ಉಳೀತದೆ. ಯಾರು ಅಡಿಗೆ ಮಾಡಿದ್ರೂ ಅವರ ಎಫ್‌ಎಸ್‌ಎಸ್‌ಎಐ ನಂಬರ್, ಅಂದ್ರೆ ಆಹಾರ ಸುರಕ್ಷತೆಯ ನೋಂದಣಿ, ಕೇಳಿ ಬರೆದಿಡಿ. ಬಾವಿ ನೀರು ಕುದಿಸದೆ ಶರಬತ್ತಿಗೆ ಹಾಕುದು ಬೇಡ, ಹಳದಿ ಕಾಮಾಲೆ ಹರಡುದು ಹೆಚ್ಚಾಗಿ ಹೀಗೇ.

5. ರೇಟ್ ಹಾಕುವ ಕ್ರಮ

ಹೊಸಬರು ಸೋಲುದು ಇಲ್ಲೇ, ಹಾಗಾಗಿ ಒಂದು ಲೆಕ್ಕ ಪೂರ್ತಿ ಬಿಡಿಸಿ ತೋರಿಸ್ತೇನೆ. 150 ಜನರ ಹಳೆ ವಿದ್ಯಾರ್ಥಿ ಸಂಗಮ ಅಂತ ಇಟ್ಕೊಳ್ಳಿ. ಮೊತ್ತಗಳು ಉದಾಹರಣೆಗೆ ಮಾತ್ರ, ನಿಮ್ಮ ಊರಿನ ರೇಟ್ ನೀವೇ ಕೇಳಿ ಹಾಕಿ.

ಹಾಲ್ 8,000. ಮೈಕ್ ಸೆಟ್ 5,000. ಊಟ ತಲೆಗೆ 160ರ ಹಾಗೆ 24,000. ಬಟ್ಟೆ ಬ್ಯಾನರ್ 1,500. ಶಾಲು, ಹಾರ, ಸ್ಮರಣಿಕೆ 4,000. ಫೋಟೋದವರು 6,000. ನಾಲ್ಕು ಸಹಾಯಕರಿಗೆ 900ರ ಹಾಗೆ 3,600. ಗಾಡಿ 1,500. ಶುಚಿ ಮಾಡ್ಲಿಕ್ಕೆ, ಕಸದ ಫೀಸಿಗೆ 1,400. ಒಟ್ಟು 55,000. ಇದರ ಮೇಲೆ ನಿಮ್ಮ ಫೀಸ್ 15 ಪರ್ಸೆಂಟ್ ಅಂದ್ರೆ 8,250. ಅನಿರೀಕ್ಷಿತ ಖರ್ಚಿಗೆ 10 ಪರ್ಸೆಂಟ್, 5,500. ಎಲ್ಲ ಸೇರಿ 68,750.

ಈ 5,500 ಖರ್ಚಾಗದಿದ್ರೆ ವಾಪಸ್ ಕೊಡ್ಬೇಕು, ಅದನ್ನು ಮೊದಲೇ ಹೇಳಿ. ನಿಮ್ಮ ಫೀಸನ್ನು ಬೇರೆ ಸಾಲಿನಲ್ಲಿ ಬರೀರಿ. ಊಟದಲ್ಲಿ ಹತ್ತು, ಮೈಕಿನಲ್ಲಿ ಐನೂರು ಸೇರಿಸಿ ಒಳಗಿಂದೊಳಗೆ ಲಾಭ ಮಾಡುವ ಅಭ್ಯಾಸ ಬೇಡವೇ ಬೇಡ, ಇಲ್ಲಿ ಮೈಕ್‌ನವನೂ ಸಮಿತಿ ಕಾರ್ಯದರ್ಶಿಯೂ ಒಂದೇ ಬಸ್ಸಿನಲ್ಲಿ ಹೋಗುವವರು, ನಿಜವಾದ ರೇಟ್ ಸಂಜೆಯ ಒಳಗೆ ಗೊತ್ತಾಗ್ತದೆ. "ಪರಿಚಯದವರು, ಫೀಸ್ ಕೇಳುದು ಹೇಗೆ" ಅಂತ ನಾಚಿಕೆ ಪಡುವವರೂ ಉಂಟು. ಮೊದಲನೇ ಕಾರ್ಯಕ್ರಮವನ್ನು ಉಚಿತ ಮಾಡಿ ಕೊಡ್ಬೇಡಿ, ಬೇಕಾದ್ರೆ ಫೀಸ್ ಅರ್ಧ ಮಾಡಿ, ಆದ್ರೆ ಬಿಲ್ಲಿನಲ್ಲಿ ಪೂರ್ತಿ ಬರೆದು ರಿಯಾಯಿತಿ ಅಂತ ಕಳೆದು ತೋರಿಸಿ.

ಈಗ ಆ ಸೂಕ್ಷ್ಮ. ಪೂರ್ತಿ 68,750ಕ್ಕೆ ನಿಮ್ಮ ಹೆಸರಿನಲ್ಲಿ ಬಿಲ್ ಮಾಡಿದ್ರೆ ಅಷ್ಟೂ ನಿಮ್ಮ ವಹಿವಾಟು ಅಂತ ಲೆಕ್ಕ ಆಗ್ತದೆ, ಕೈಯಲ್ಲಿ ಉಳಿದದ್ದು 8,250 ಆದ್ರೂ ಸಹ. ಇಂಥಾ ಮೂವತ್ತು ಕಾರ್ಯಕ್ರಮ ಆಗುವಾಗ 20 ಲಕ್ಷ ದಾಟ್ತದೆ. ಆದ್ದರಿಂದ ಹಾಲಿನ ಬಾಡಿಗೆ, ಊಟದ ದುಡ್ಡು ಎಲ್ಲ ಸಮಿತಿಯವರೇ ನೇರ ಆಯಾಯ ಜನಕ್ಕೆ ಕೊಡುವ ಹಾಗೆ ಮಾಡಿ, ಬಿಲ್ ಅವರ ಹೆಸರಿಗೇ ಇರ್ಲಿ, ನೀವು ನಿಮ್ಮ ಫೀಸಿಗೆ ಮಾತ್ರ ಬಿಲ್ ಕೊಡಿ. ಇನ್ನೊಬ್ಬರ ಸಾಲದ ಭಾರವೂ ನಿಮ್ಮ ಮೇಲೆ ಬೀಳುದಿಲ್ಲ. ಕೆಲಸ ಹೆಚ್ಚಾಗ್ತಾ ಬಂದ ಹಾಗೆ ಒಬ್ಬ ಅಕೌಂಟೆಂಟ್ ಹತ್ರ ಕೂತು ಮಾತಾಡಿ.

6. ಕರಾರು ಮತ್ತು ಆಮಂತ್ರಣ

ಒಂದು ಪುಟ ಸಾಕು. ದಿನ, ಸಮಯ, ಸ್ಥಳ, ಎಷ್ಟು ಜನ, ನೀವು ಎಂತ ಮಾಡ್ತೀರಿ, ಎಂತ ಮಾಡುದಿಲ್ಲ, ದುಡ್ಡು ಯಾವಾಗ ಎಷ್ಟು, ರದ್ದಾದ್ರೆ ಎಂತ. ಫೀಸಿನ ಅರ್ಧ ಒಪ್ಪಿದ ದಿನ, ಉಳಿದದ್ದು ಲೆಕ್ಕ ಒಪ್ಪಿಸುವ ದಿನ. ಸಹಿ ಹಾಕುವವರು ಒಬ್ಬರೇ ಇರ್ಲಿ, ಮತ್ತೆ ಬದಲಾವಣೆ ಹೇಳುವವರೂ ಅವರೊಬ್ಬರೇ. ಸಮಿತಿಯ ಹದಿನೈದು ಜನ ಹದಿನೈದು ರೀತಿ ಫೋನ್ ಮಾಡಿದ್ರೆ ನೀವು ಯಾರ ಮಾತು ಕೇಳುದು?

ಆಮಂತ್ರಣ ಪತ್ರಿಕೆಯ ವಿಷಯ ಹೊರಗಿನವರಿಗೆ ಸಣ್ಣದು ಅನ್ನಿಸಬಹುದು, ಇಲ್ಲಿ ಅದೇ ದೊಡ್ಡದು. ಹೆಸರು ಬಿಟ್ಟು ಹೋದದ್ದು, ಹೆಸರಿನ ಹಿಂದೆ "ಶ್ರೀ" ಇಲ್ಲದ್ದು, ಇನಿಶಿಯಲ್ ತಪ್ಪಿದ್ದು, ಮಾಜಿ ಅಧ್ಯಕ್ಷರ ಹೆಸರು ಕೆಳಗೆ ಹೋದದ್ದು, ಇಷ್ಟಕ್ಕೇ ಕಾರ್ಯಕ್ರಮಕ್ಕೆ ಬಾರದವರು ಇದ್ದಾರೆ. ಹಾಗಾಗಿ ಪಟ್ಟಿ ನೀವು ತಯಾರು ಮಾಡ್ಲೇಬೇಡಿ. ಸಮಿತಿಯವರು ಬರೆದು ಕೊಡ್ಲಿ, ನೀವು ಟೈಪ್ ಮಾಡಿಸಿ ಪ್ರೂಫ್ ತೆಗೆದು ಕಾಗದದಲ್ಲಿ ಕೊಡಿ, ವಾಟ್ಸಾಪಿನಲ್ಲಿ ಕಳಿಸಿದ್ರೆ ಯಾರೂ ಸರಿ ಓದುದಿಲ್ಲ. ಪ್ರತಿ ಹೆಸರಿನ ಮೇಲೆ ಪೆನ್ನಿಂದ ಟಿಕ್ ಹಾಕಿಸಿ, ಕೆಳಗೆ "ಮುದ್ರಣಕ್ಕೆ ಒಪ್ಪಿಗೆ" ಅಂತ ಬರೆಸಿ ಸಹಿ ತಗೊಳ್ಳಿ. ಮಲಯಾಳ ಪತ್ರಿಕೆ ಬೇರೆ ಮುದ್ರಿಸುದಾದ್ರೆ ಅದರ ಪ್ರೂಫ್ ಮಲಯಾಳ ಬಲ್ಲವರಿಂದ ನೋಡಿಸಿ, ನಮ್ಮ ಮನೆತನದ ಹೆಸರುಗಳು, ಊರಿನ ಹೆಸರುಗಳು ಆ ಲಿಪಿಯಲ್ಲಿ ಹೇಗೆ ಹೇಗೋ ಆಗ್ತವೆ.

7. ಪರ್ಮಿಷನ್‌ಗಳು

ಮೈಕಿಗೆ ಪೊಲೀಸ್ ಅನುಮತಿ ಬೇಕು. ಕೇರಳ ಪೊಲೀಸಿನ "ತುಣ" ಪೋರ್ಟಲಿನಲ್ಲಿ ಅರ್ಜಿ ಹಾಕ್ಲಿಕ್ಕಾಗ್ತದೆ, ಹಾಕಿ ಬಿಟ್ಟು ಕೂತ್ಕೊಳ್ಬೇಡಿ, ಸ್ಟೇಷನ್ನಿಗೆ ಒಮ್ಮೆ ಹೋಗಿ ಮಾತಾಡಿ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ವರೆಗೆ ಹೊರಗೆ ಧ್ವನಿವರ್ಧಕ ಹಾಕ್ಲಿಕ್ಕಿಲ್ಲ. ಮುಚ್ಚಿದ ಹಾಲಿನ ಒಳಗೆ, ಶಬ್ದ ಒಳಗೇ ಉಳಿಯುವ ಹಾಗೆ ಇದ್ರೆ ವಿನಾಯಿತಿ ಉಂಟು. ಕೆಲವು ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ವರ್ಷದಲ್ಲಿ 15 ದಿನ ಮೀರದ ಹಾಗೆ 12 ಗಂಟೆ ವರೆಗೆ ಸರಕಾರ ಸಡಿಲ ಮಾಡ್ಬಹುದು, ಆದ್ರೆ ಅದು ನಿಮ್ಮ ಕಾರ್ಯಕ್ರಮಕ್ಕೆ ತನ್ನಿಂತಾನೇ ಸಿಗುವಂಥದ್ದಲ್ಲ. ಯಕ್ಷಗಾನ ಆಡಿಸುದಾದ್ರೆ ಪ್ರಸಂಗ ನಿಶ್ಚಯ ಮಾಡುವಾಗಲೇ ಭಾಗವತರೊಟ್ಟಿಗೆ ಸಮಯದ ಮಾತಾಡಿ. ಆರು ಗಂಟೆಗೆ ಚೆಂಡೆ ಹೊಡೆದ್ರೆ ಹತ್ತರ ಒಳಗೆ ಮಂಗಳ ಹಾಡ್ಬಹುದು, ಆದ್ರೆ ಅದಕ್ಕೆ ಸಭಾ ಕಾರ್ಯಕ್ರಮ ಐದೂಮುಕ್ಕಾಲಿಗೆ ಮುಗಿದಿರ್ಬೇಕು.

ಕೇರಳದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮ ಅಂದ್ರೆ ಕನಿಷ್ಠ ಮೂರು ದಿನ ಮೊದಲು ಪಂಚಾಯತ್ ಅಥವಾ ನಗರಸಭೆಗೆ ತಿಳಿಸ್ಬೇಕು, ಕಸ ಬೇರೆ ಬೇರೆ ಮಾಡಿ ಫೀಸ್ ಕೊಟ್ಟು ಹರಿತ ಕರ್ಮ ಸೇನೆಯವರಿಗೆ ಒಪ್ಪಿಸ್ಬೇಕು. ಹರಿತ ಕರ್ಮ ಸೇನೆ ಅಂದ್ರೆ ಮನೆ ಮನೆಗೆ ಬಂದು ಪ್ಲಾಸ್ಟಿಕ್ ಕಸ ತಗೊಂಡು ಹೋಗುವ ನಮ್ಮ ಅಕ್ಕಂದಿರ ತಂಡ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಲೋಟ ತಟ್ಟೆ ನಿಷೇಧ, ಪಿವಿಸಿ ಫ್ಲೆಕ್ಸ್ ಕೂಡ ನಿಷೇಧ. ನಮ್ಮಲ್ಲಿ ಹಾಳೆ ತಟ್ಟೆ ಉಂಟು, ಬಾಳೆ ಎಲೆ ಉಂಟು, ಸ್ಟೀಲ್ ಲೋಟ ಬಾಡಿಗೆಗೆ ಸಿಗ್ತದೆ, ಪ್ಲಾಸ್ಟಿಕ್ ಬೇಕಾಗುದೇ ಇಲ್ಲ. ರಸ್ತೆ ಬದಿ ಕಂಬಕ್ಕೆ ಬ್ಯಾನರ್ ಕಟ್ಟುವ ಮೊದಲೂ ಅನುಮತಿ ಕೇಳಿ.

ಸಿನಿಮಾ ಹಾಡು, ರೆಕಾರ್ಡ್ ಹಾಡು ಹಾಕುದಾದ್ರೆ ಹಕ್ಕುಸ್ವಾಮ್ಯದ ಲೈಸೆನ್ಸ್ ಬೇಕಾಗ್ತದೆ, ಪಿಪಿಎಲ್, ಐಪಿಆರ್‌ಎಸ್ ಅಂತ ಸಂಸ್ಥೆಗಳು ಅದನ್ನು ಕೊಡ್ತವೆ. ಮದುವೆಯಂಥ ಧಾರ್ಮಿಕ ಸಮಾರಂಭಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಉಂಟು, ಆದ್ರೆ ಕ್ಲಬ್ ಡೇಗೆ ಅದು ಅನ್ವಯ ಆಗುದಿಲ್ಲ. ಟಿಕೆಟ್ ಇಟ್ಟು ಮಾಡುವ ಕಾರ್ಯಕ್ರಮ ಆದ್ರೆ ಟಿಕೆಟ್ ಮುದ್ರಿಸುವ ಮೊದಲೇ ಪಂಚಾಯತಿನಲ್ಲಿ ಮನೋರಂಜನಾ ತೆರಿಗೆ ವಿಚಾರಿಸಿ.

8. ಕಾರ್ಯಕ್ರಮದ ದಿನ

ಹಿಂದಿನ ದಿನ ಸಂಜೆ ಹಾಲಿಗೆ ಹೋಗಿ ಎಲ್ಲ ಸ್ವಿಚ್ ಹಾಕಿ ನೋಡಿ, ಶೌಚಾಲಯದ ನಳ್ಳಿಯಲ್ಲಿ ನೀರು ಬರ್ತದಾ ನೋಡಿ, ವೀಲ್‌ಚೇರಿನಲ್ಲಿ ಬರುವವರಿಗೆ ದಾರಿ ಉಂಟಾ ನೋಡಿ. ಎರಡನೇ ಬಾಗಿಲಿಗೆ ಅಡ್ಡ ಕುರ್ಚಿ ಪೇರಿಸಿ ಇಟ್ಟಿರ್ತಾರೆ, ಅದನ್ನು ತೆಗೆಸಿ, ಏನಾದ್ರೂ ಬೆಂಕಿ ಗಲಾಟೆ ಆದ್ರೆ ಜನ ಹೊರಗೆ ಹೋಗುದು ಅದರಿಂದಲೇ. ಹೊರಗೆ ವಯರ್ ಎಳೆಯುದಾದ್ರೆ ಆರ್‌ಸಿಸಿಬಿ ಇರುವ ಬೋರ್ಡಿನಿಂದಲೇ ಎಳೀರಿ. ಅಂದ್ರೆ ಶಾಕ್ ಹೊಡೆಯುವ ಹಾಗೆ ಕರೆಂಟ್ ಸೋರಿದ್ರೆ ಕೂಡ್ಲೇ ಆಫ್ ಆಗುವ ಸ್ವಿಚ್, 30 ಮಿಲಿ ಆಂಪಿಯರಿನದ್ದು. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಜಾಯಿಂಟ್ ಹಾಕಿದ ವಯರ್ ಬಿಟ್ಟವರನ್ನು ಕೆಲಸಕ್ಕೆ ಮತ್ತೆ ಕರೀಬೇಡಿ. 108 ಆಂಬುಲೆನ್ಸ್, ಹತ್ತಿರದ ಆಸ್ಪತ್ರೆ, ಕೆಎಸ್‌ಇಬಿ (ಕರೆಂಟಿನವರ) ಸೆಕ್ಷನ್ ಆಫೀಸಿನ ನಂಬರ್ ಒಂದು ಚೀಟಿಯಲ್ಲಿ ಬರೆದು ಸ್ಟೇಜಿನ ಹಿಂದೆ ಅಂಟಿಸಿ.

ಸಮಯದ ಪಟ್ಟಿ ಒಂದು ಮಾಡಿ, ನಿಮಿಷದ ಲೆಕ್ಕದಲ್ಲಿ. ಪ್ರಾರ್ಥನೆ 3, ಸ್ವಾಗತ 5, ದೀಪ ಬೆಳಗಿಸುದು 5, ಪ್ರಾಸ್ತಾವಿಕ 7, ಉದ್ಘಾಟಕರು 15, ಹೀಗೆ. ದೀಪದ ಹತ್ರ ಎಣ್ಣೆ, ಬತ್ತಿ, ಬೆಂಕಿಪೊಟ್ಟಣ ಉಂಟಾ, ಫ್ಯಾನ್ ಯಾರು ಆಫ್ ಮಾಡುದು, ಶಾಲು ಯಾರ ಕೈಯಲ್ಲಿ ಅಂತ ಪಕ್ಕದಲ್ಲಿ ಹೆಸರು ಬರೀರಿ. ಭಾಷಣ ಉದ್ದ ಆಗುದು ನಮ್ಮಲ್ಲಿ ಇದ್ದದ್ದೇ. ಅದಕ್ಕೆ ಮೊದಲೇ ಅತಿಥಿಗಳಿಗೆ ಫೋನ್ ಮಾಡಿ "ಸರ್, ನಿಮಗೆ ಹತ್ತು ನಿಮಿಷ ಇಟ್ಟಿದ್ದೇವೆ" ಅಂತ ಗೌರವದಿಂದ ಹೇಳಿ, ಎಂಟಾಗುವಾಗ ಚೀಟಿ ಕೊಡಿ. ಹಿರಿಯರನ್ನು ಅರ್ಧದಲ್ಲಿ ನಿಲ್ಲಿಸುದು ಚಂದ ಅಲ್ಲ, ಒಂದೂವರೆ ಗಂಟೆಗೆ ಆದ್ರೂ ಊಟಕ್ಕೆ ಬಿಡದೆ ಮಕ್ಕಳನ್ನೂ ಸಕ್ಕರೆ ಕಾಯಿಲೆಯವರನ್ನೂ ಕೂರಿಸುದು ಅದಕ್ಕಿಂತ ಕಷ್ಟ. ಸಭೆ ಎಳೆದ್ರೆ ಊಟ ಮೊದಲು ಬಡಿಸ್ಲಿಕ್ಕೆ ಶುರು ಮಾಡುವ ಅಧಿಕಾರ ನಿಮಗುಂಟು ಅಂತ ಕರಾರಿನಲ್ಲೇ ಬರೆಸಿಕೊಳ್ಳಿ.

9. ಮುಗಿದ ಮೇಲೆ

ಹಾಲ್ ಬಿಡುವ ಮೊದಲು ಕುರ್ಚಿ ಎಣಿಸಿ, ಪಾತ್ರೆ ಎಣಿಸಿ, ಹಾಲಿನವರ ಎದುರೇ ಒಪ್ಪಿಸಿ ಫೋಟೋ ತೆಗೀರಿ. ಉಳಿದ ಅನ್ನ ಸಾರು ಯಾರಿಗಾದ್ರೂ ಕೊಡುದಾದ್ರೆ ಬಿಸಿ ಇರುವಾಗಲೇ ಕೊಡಿ, ಸಂಜೆ ವರೆಗೆ ಇಟ್ಟದ್ದನ್ನು ಕೊಡ್ಬೇಡಿ. ಕಸ ಒಪ್ಪಿಸಿದ ರಸೀದಿ ಫೈಲಿಗೆ ಹಾಕಿ.

ಕೂಲಿ ಅದೇ ದಿನ ಕೊಡ್ಬೇಕು. ಸಮಿತಿಯಿಂದ ದುಡ್ಡು ಬರ್ಲಿಲ್ಲ ಅಂತ ಬಡಿಸಿದ ಹುಡುಗ್ರನ್ನು ಕಾಯಿಸ್ಬೇಡಿ, ಅಡ್ವಾನ್ಸಿನಲ್ಲಿ ಅಷ್ಟು ತೆಗೆದಿಡಿ. ಒಂದು ವಾರದ ಒಳಗೆ ಎಲ್ಲ ಬಿಲ್ಲುಗಳ ಪ್ರತಿ ಹಿಡ್ಕೊಂಡು ಸಮಿತಿಯವರ ಎದುರು ಕೂತು ಲೆಕ್ಕ ಓದಿ, ಉಳಿದ ದುಡ್ಡು ಅಲ್ಲೇ ವಾಪಸ್ ಕೊಡಿ, ನಿಮ್ಮ ಬಾಕಿ ಫೀಸೂ ಅಲ್ಲೇ ಕೇಳಿ. ತಿಂಗಳು ಕಳೆದ್ರೆ ಕೇಳ್ಲಿಕ್ಕೂ ಕಷ್ಟ, ಕೊಡ್ಲಿಕ್ಕೂ ಮನಸ್ಸಿರುದಿಲ್ಲ. ಲೆಕ್ಕ ಕೇಳ್ಲಿಕ್ಕೆ ಬಂದವರಲ್ಲಿ ಇನ್ನೊಂದು ಸಂಘದವರು ಒಬ್ಬರಾದ್ರೂ ಇರ್ತಾರೆ, ಹೋಗುವಾಗ ಅವರ ಕೈಗೆ ನಿಮ್ಮ ನಂಬರ್ ಇರುವ ಕಾರ್ಡ್ ಕೊಡಿ.